ಎರಡನೆಯ ಕಲಂ

ವರ್ಷಕ್ಕೊಮ್ಮೆ ಆರು ಹೆಸರು ಬರುತ್ತವೆ ನನ್ನ ಮೇಜಿಗೆ.
ಬಯೋಕೆಮಿಸ್ಟ್ರಿ ಕಲಿಸುವುದು ಸಂಬಳಕ್ಕೆ;
ಈ ಆರು ಮಕ್ಕಳು ಉಂಡರೇ, ಮಲಗಿದರೇ,
ಹೆಣದ ಕೋಣೆಯ ವಾಸನೆ ಕೈಬಿಟ್ಟು ಹೋಯಿತೇ
ಎಂದು ಕೇಳುವುದು ಸಂಬಳದ ಚೀಟಿಯಲ್ಲಿಲ್ಲ.
ಒಂದು ಫಾರಂ ಇದೆ, ಮೂರು ಕಲಂ:
ಭೇಟಿ, ಸಮಸ್ಯೆ, ಸಲಹೆ.
ಗೆರೆ ಎಳೆದವರು ಯಾರೋ,
ಸಲಹೆಗೇ ಹೆಚ್ಚು ಜಾಗ ಬಿಟ್ಟಿದ್ದಾರೆ.

ಈ ಸಲ ನಾಲ್ಕನೆಯವನು ಯಮನೂರಪ್ಪ ತಳಕಲ್.
ಹಾಜರಿ ಕೂಗಿದಾಗ ಹಿಂದಿನ ಬೆಂಚು ನಕ್ಕಿತು:
ಡಾಕ್ಟರಾಗುವವನ ಹೆಸರಲ್ಲೇ ಯಮ!
ಅವನೂ ನಕ್ಕ, ಕೊಂಕಣಿಯಲ್ಲಿ ಏನೋ ಅಂದು
ಇನ್ನಷ್ಟು ನಗಿಸಿದ.
"ಯಾವೂರಪ್ಪಾ?" ಅಂದೆ ನಾನು, ಕನ್ನಡದಲ್ಲಿ.
"ಝುವಾರಿನಗರ, ಮ್ಯಾಮ್" ಅಂದ ಇಂಗ್ಲಿಷಿನಲ್ಲಿ,
ಬಾಗಿಲು ಮುಂದೆ ಮಾಡಿಕೊಂಡ ಹಾಗೆ.

ಅಕ್ಟೋಬರಿನಲ್ಲಿ ಹಾಜರಿ ನೂರಕ್ಕೆ ಅರವತ್ತೊಂದು,
ನವೆಂಬರಿನಲ್ಲಿ ಐವತ್ತೆರಡು.
ಮೂರು ಸಲ ಕರೆದೆ. ಮೂರು ಸಲವೂ ಜ್ವರ.

ನನ್ನ ಕಪಾಟಿನಲ್ಲಿ ಹಳೆಯದೊಂದು ಫಾರಂ ಇದೆ.
ಸುಲಕ್ಷಾ, ಪೆಡ್ಣೆಯವಳು, ಮೊದಲ ಬೆಂಚು, ಮುತ್ತಿನಂಥ ಅಕ್ಷರ.
ಎರಡನೆಯ ಕಲಮಿನಲ್ಲಿ ನಾನೇ ಬರೆದದ್ದು: ಏನೂ ಇಲ್ಲ.
ಕೆಳಗೆ ಸಹಿ, ಅದರ ಬಾಲ ಸೊಗಸಾಗಿ ಬಂದಿದೆ.
ಹನ್ನೊಂದನೇ ದಿನ ಅವಳ ಅಪ್ಪ ಬಂದು
ಹಾಸಿಗೆ, ಬಕೆಟ್ಟು, ಏಪ್ರನ್ನು
ಟೆಂಪೊಗೆ ಹಾಕಿಕೊಂಡು ಹೋದರು.
ನನ್ನನ್ನು ಏನೂ ಕೇಳಲಿಲ್ಲ.
ಕೇಳಬಹುದಿತ್ತು.

ಡಿಸೆಂಬರಿನ ಒಂದು ಸೋಮವಾರ
ನನ್ನದೇ ಥೈರಾಯ್ಡ್ ರಿಪೋರ್ಟು ಹಿಡಿದು
ಬಾಂಬೋಳಿಯ ಓಪಿಡಿಯಲ್ಲಿ ಕೂತಿದ್ದೆ.
ಸ್ಟೂಲಿನ ಮೇಲೆ ಗಾರೆ ಕೆಲಸದ ಹೆಂಗಸು, ಉಗುರಲ್ಲಿ ಸಿಮೆಂಟು.
"ಸಂಕಟ ಆಗತೈತ್ರಿ" ಅನ್ನುತ್ತಾಳೆ.
ರೆಸಿಡೆಂಟ್ ಹುಡುಗ ತನ್ನ ಕೊಂಕಣಿ, ಹಿಂದಿ
ಎರಡನ್ನೂ ಖಾಲಿ ಮಾಡಿ ಪೆನ್ನು ತಿರುಗಿಸುತ್ತಿದ್ದ.
ಕುಮಟೆಯವಳು ನಾನು; ಸಂಕಟ ಅಂದರೆ ದುಃಖ,
ಮನೆಯಲ್ಲೇನೋ ಆಗಿರಬೇಕು ಪಾಪ, ಅಂದುಕೊಂಡೆ.
ಪರದೆಯ ಆಚೆಯಿಂದ ಯಾರೋ ಬಂದು ಬಗ್ಗಿದರು:
"ಯಕ್ಕಾ, ವಾಂತಿ ಬಂದಂಗೋ, ಎದಿ ಹಿಡದಂಗೋ?"
"ಎದೀನೂ ಹಿಡದಂಗ ಆಗತೈತಪ್ಪ. ಎಡಗೈ ಜೋಮು. ನಿನ್ನೆಯಿಂದ."
ಇಸಿಜಿಯ ಕಾಗದ ಪೂರ್ತಿ ಹೊರಬರುವ ಮೊದಲೇ
ಎಲ್ಲರೂ ಓಡತೊಡಗಿದ್ದರು.

ಮೆಟ್ಟಿಲ ಮೇಲೆ ಸಿಕ್ಕ, ಯಮನೂರಪ್ಪ.
ಎಷ್ಟು ದಿನದಿಂದ ಇದು?
"ಅವ್ವ ಹ್ವಾದಾಗಿಂದ್ರಿ." ಅವನ ಮೊದಲ ಕನ್ನಡ.
"ಆಕೀಗೂ ಸಂಕಟಾನ ಆಗಿತ್ತು.
ನಿದ್ದಿ ಗುಳಿಗಿ ಕೊಟ್ಟು ಕಳಿಸಿದ್ರು."

ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ.
ಫೇಲಾದರೆ ಜನ್ಮವಿಡೀ ಸ್ಟೂಲಿನ ಪಕ್ಕ ನಿಂತೇ ಇರ್ತೀಯ,
ಕುರ್ಚಿಯಲ್ಲಿ ಬೇರೆ ಯಾರೋ ಕೂರ್ತಾರೆ ಅಂದುಬಿಟ್ಟೆ.
ಅವನು ಚೀಲ ಹೆಗಲಿಗೇರಿಸಿ
ಕದಂಬ ಬಸ್ಸು ಹತ್ತಿದ, ತಿರುಗಿ ನೋಡದೆ.
ಮಾತು ಸರಿ ಇತ್ತು. ಹೊತ್ತು ಸರಿ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ
ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ,
ಭಾಜಿ-ಪಾವಿನ ಎರಡು ಪೊಟ್ಟಣ.
ಬಿಚ್ಚಿದ ಕಾಗದದ ಮೇಲೆಯೇ ಕ್ರೆಬ್ಸ್ ಚಕ್ರ ಬರೆದೆವು;
ಎಣ್ಣೆ ಹರಡಿ ಸಿಟ್ರೇಟು ಕಾಣದಾಯಿತು.
ಮೊದಲ ಅರ್ಧ ಗಂಟೆ ನನ್ನದು. ಆಮೇಲೆ ಅವನ ಪಾಠ:
ಕೈಕಾಲು ಹರಿಯೋದು ಅಂದರೆ ನೋವು, ನದಿಯಲ್ಲ.
ಜೀವ ಜಲ್ಲಂತು ಅಂದರೆ ನಾಡಿ ನೋಡಬೇಕು.
ಕಸುವಿಲ್ಲ ಅಂದವರ ರಕ್ತ ನೋಡಬೇಕು.
ನಾನು ಬರೆದುಕೊಂಡೆ, ವಿಧೇಯ ವಿದ್ಯಾರ್ಥಿನಿ.

ಹಾಜರಿ ಸಾಲಲಿಲ್ಲ, ಪರೀಕ್ಷೆಗೆ ಬಿಡಲಿಲ್ಲ.
ಸುಳ್ಳು ಸಹಿ ಅವನು ಕೇಳಲಿಲ್ಲ, ನಾನು ಹಾಕಲಿಲ್ಲ.
ಆ ಹೆಂಗಸು ಉಳಿದಳು ಅಂತ ಕೇಳಿದೆ.
ಮುಂದಿನ ಸಲ ಬರೆಯುತ್ತಾನೆ; ಬೆಳಗಿನ ಪಾವು ನಿಂತಿಲ್ಲ.

ಫಾರಮಿನ ಎರಡನೆಯ ಕಲಮಿನಲ್ಲಿ
ಸಂಕಟ ಎಂದು ಬರೆದೆ, ಕನ್ನಡದಲ್ಲೇ.
ಡೀನರ ಕಚೇರಿಯಿಂದ ಗುಮಾಸ್ತೆಯ ಫೋನು:
ಮ್ಯಾಡಮ್, ಇದೇನು ಬರೆದಿದ್ದೀರಿ, ಓದಲು ಬರುತ್ತಿಲ್ಲ.
ಒಬ್ಬ ಹುಡುಗನನ್ನು ಕಳಿಸುತ್ತೇನೆ, ಅಂದೆ,
ಅವನು ಓದಿ ಹೇಳುತ್ತಾನೆ.