ಗುಂಡಿಯ ತಳದ ಸ್ಪ್ರಿಂಗು

ಪ್ರತಿ ಲಿಫ್ಟಿನ ಗುಂಡಿಯ ತಳದಲ್ಲಿ
ಎರಡು ಸ್ಪ್ರಿಂಗುಗಳಿರುತ್ತವೆ, ಯಾರೂ ನೋಡಿರುವುದಿಲ್ಲ.
ಹಗ್ಗ ಕೈಕೊಟ್ಟ ದಿನಕ್ಕೆಂದು
ಕತ್ತಲಲ್ಲಿ ಗ್ರೀಸು ಬಳಿದುಕೊಂಡು ಕೂತಿರುತ್ತವೆ.
ಹದಿನೇಳು ವರ್ಷದಿಂದ ಅವುಗಳ ಧೂಳು ಒರೆಸುತ್ತಿದ್ದೇನೆ,
ಜುಫೇರಿನಲ್ಲಿ, ಸೀಫಿನಲ್ಲಿ, ಹೂರಾದ ಹಳೆ ಕಟ್ಟಡಗಳಲ್ಲಿ.
ಒಂದಕ್ಕೂ ಇದುವರೆಗೆ ಕೆಲಸ ಬಿದ್ದಿಲ್ಲ.
ಬೀಳಬಾರದು ಎನ್ನುವುದಕ್ಕೇ ನನ್ನ ಸಂಬಳ.

ಹಾಗಾಗಿ ಸಲ್ಮಾಬಾದಿನ ಆ ಶೆಡ್ಡಿಗೆ,
ಈ ಪಕ್ಕ ಟೈರಿನ ಗೋದಾಮು, ಆ ಪಕ್ಕ ಅಮೃತಶಿಲೆ ಕೊಯ್ಯುವವರು,
ಅಟ್ಟದ ಸಾಮಾನು ಲಿಫ್ಟಿನ ಬಾಗಿಲು ಸರಿಮಾಡಲು ಹೋದವನು
ನೂರಾ ಹದಿನೆಂಟು ಸ್ಪ್ರಿಂಗುಗಳು ಒಟ್ಟಿಗೆ,
ಹಾಡುಹಗಲೇ, ಕೆಲಸ ಮಾಡುವುದನ್ನು ಕಂಡು
ಸ್ಪ್ಯಾನರು ಹಿಡಿದೇ ನಿಂತುಬಿಟ್ಟೆ.
ಒಂಬತ್ತು ವರ್ಷದ ಹುಡುಗಿಯೊಬ್ಬಳು ಮೇಲಿದ್ದಳು.
ಮೇಲಿದ್ದಳು ಅಂದರೆ ಅಲ್ಲೇ ಇದ್ದಳು,
ಕೆಳಗೆ ಬರುವ ಅವಸರವಿಲ್ಲದವಳ ಹಾಗೆ.
ಜಡೆ ಮಾತ್ರ ಇನ್ನೂ ಏರುತ್ತಿತ್ತು.

"ನಿನಗೂ ಬೇಕಾ?" ಕೇಳಿದರು ಕ್ಯಾಪ್ಟನ್ ಸುಂದುಸ್.
ಇಲ್ಲಿ ಕೋಚುಗಳೆಲ್ಲ ಕ್ಯಾಪ್ಟನ್ನರೇ.
"ಸೋಮವಾರ ರಾತ್ರಿ ಒಂಬತ್ತಕ್ಕೆ ದೊಡ್ಡವರ ತರಗತಿ."

ದೊಡ್ಡವರೆಂದರೆ ಮೂರು ಜನ:
ಕೇಕಿನ ಮೇಲೆ ಹೂ ಬರೆಯುವ ಮರಿವಿಕ್,
"ನಡೆಯಿರಿ" ಎಂದ ಡಾಕ್ಟರಿಗೆ ಸೆಡ್ಡು ಹೊಡೆದು
ಜಿಗಿಯಲು ಬಂದ ಅರವತ್ತೊಂದರ ಬೂ ಅದ್ನಾನ್,
ಮತ್ತು ನಾನು, ಕುಷ್ಟಗಿ ಕಡೆಯ ತಿಪ್ಪಣ್ಣ;
'ಪ' ಇಲ್ಲದ ಅರಬ್ಬಿಯಲ್ಲಿ ತಿಬ್ಬಾನ.
ಜಾರದ ಕಾಲ್ಚೀಲಕ್ಕೆ ಒಂದೂವರೆ ದಿನಾರು. ಹೆಂಡತಿಗೆ ಹೇಳಲಿಲ್ಲ.

ಮೊದಲ ಪಾಠ ಹಾರುವುದಲ್ಲ, ನಿಲ್ಲುವುದು.
ಹಾಸು ಮೇಲಕ್ಕೆ ಒದೆಯುವ ಗಳಿಗೆಗೆ ಸರಿಯಾಗಿ
ಮೊಣಕಾಲು ಮಡಚಿ, ಒದೆತವನ್ನು ನುಂಗಿ, ಸುಮ್ಮನಾಗುವುದು.
ಇದು ನನಗೆ ಗೊತ್ತು ಅಂದುಕೊಂಡೆ.
ನಮ್ಮಲ್ಲೂ ಮೊದಲು ಬ್ರೇಕು, ಆಮೇಲೆ ಮೋಟರು.
ಮೊಣಕಾಲಿಗೆ ಗೊತ್ತಿರಲಿಲ್ಲ.
ಮೂರು ಸೋಮವಾರ ಬರೀ ನಿಂತೆವು.
ಒಮ್ಮೊಮ್ಮೆ ನಿಂತಾಗಲೂ ಬೂ ಅದ್ನಾನ್
ದೋಣಿ ದಡಕ್ಕೆ ತಂದವರಂತೆ ಉಸಿರುಬಿಡುತ್ತಿದ್ದರು.

ಆಮೇಲೆ ನೆಟ್ಟಗಿನ ಜಿಗಿತ, ಮಂಡಿ ಎದೆಗೆ, ಕೂತು ಏಳುವುದು.
ನಟ್ಟನಡುವೆ ಕೆಂಪು ಗುರುತು. ಅದರಿಂದ ಒಂದು ಗೇಣು ಸರಿದರೆ
ಮುಂದಿನ ಜಿಗಿತ ಎರಡು ಗೇಣು ಸರಿಯುತ್ತದೆ, ಚಕ್ರಬಡ್ಡಿಯ ಹಾಗೆ.
"ಅಮ್ಮೋ, ಕಾಲು ನೋಡಬೇಡ, ಅಂಚು ನೋಡು!"
ಅಪ್ಪನ ಕಾರಿಗೆ ಕಾಯುತ್ತ, ಖರ್ಜೂರದ ಬಿಸ್ಕತ್ತು ಮುರಿಯುತ್ತ,
ಆ ಜಡೆಯ ಹುಡುಗಿ, ಶೈಮಾ.
ಚಿಕ್ಕಪ್ಪನಿಗೆ ಇಲ್ಲಿ ಹಾಗನ್ನುತ್ತಾರೆ.
ನನಗೆ ಪ್ರತಿ ಸಲ ಯಾರೋ ಬಿದ್ದಂತೆ ಕೇಳಿಸುತ್ತದೆ.

ಬೆನ್ನ ಮೇಲೆ ಬೀಳುವ ಪಾಠ ಬಂದಾಗ ಆಗಸ್ಟು.
ತಗಡು ರಾತ್ರಿಯೂ ಕಾದಿತ್ತು, ಏಸಿ ಗೊರಕೆ ಹೊಡೆಯುತ್ತಿತ್ತು.
ಹಿಂದಕ್ಕೆ ಬೀಳು, ಅಂದರು ಕ್ಯಾಪ್ಟನ್. ತಿರುಗಿ ನೋಡದೆ.
ಹೇಗೆ?
ಸೊಂಟಕ್ಕೆ ಬೆಲ್ಟು ಬಿಗಿದು, ಕೊಕ್ಕೆ ಎರಡೆರಡು ಸಲ ಎಳೆದು ನೋಡಿ
ಕತ್ತಲಿಗೆ ಬೆನ್ನು ಕೊಡದೆ ಬದುಕಿದವನು.
ನಿಂತೆ. ನಿಂತೇ ಇದ್ದೆ. ಮರಿವಿಕ್ ಎರಡು ಸರದಿ ಮುಗಿಸಿದಳು.

ಯಾಕೋ ಹೆಸರು ನೆನಪಾಯಿತು.
ನನಗಿಂತ ಮೊದಲಿನ ಇಬ್ಬರು ಉಳಿಯಲಿಲ್ಲವೆಂದು
ಮೂರು ದಿನದ ನನ್ನನ್ನು ತಿಪ್ಪೆಯಲ್ಲಿ ಹೊರಳಿಸಿ,
ಯಾರಿಗೂ ಬೇಡದ್ದು ಅಂತ ಸಾವಿಗೆ ಕೇಳುವಂತೆ ಕೂಗಿ,
ನೆರೆಮನೆಯ ಅಲಿಮಾಬಿ ಎತ್ತಿಕೊಂಡಳಂತೆ,
ಒಂದು ಮೊರ ಜೋಳಕ್ಕೆ ಅವ್ವನಿಗೇ ಮಾರಿದಳಂತೆ.
ಅಂದರೆ ನಾನು ಆಗಲೇ ಬಿದ್ದವನು.
ಬೆನ್ನ ಮೇಲೆ. ಮೆತ್ತಗೆ. ಬೇಕಂತಲೇ.

ಬಿದ್ದೆ.

ಹಾಸು ನನ್ನನ್ನು ಒಂಚೂರು ಇಟ್ಟುಕೊಂಡಿತು,
ಗಡಿಯಾರಕ್ಕೆ ಅರೆ ಸೆಕೆಂಡೂ ಅಲ್ಲ;
ಆಮೇಲೆ ನೂರಾ ಹದಿನೆಂಟೂ ಒಂದೇ ಬಾಯಲ್ಲಿ
ಹೋಗು ಅಂದವು.
ನೋಡಿದರೆ ಕಾಲ ಮೇಲಿದ್ದೆ.
"ತಿಬ್ಬಾನಾ!" ಬೂ ಅದ್ನಾನರ ಚಪ್ಪಾಳೆ ತಗಡಿಗೆ ತಾಗಿ ಎರಡಾಯಿತು.

ಡಿಸೆಂಬರಿನ ಸ್ಪರ್ಧೆಯಲ್ಲಿ ಹತ್ತರ ಸರಣಿ ಆರಕ್ಕೆ ನಿಂತಿತು,
ಏಳನೆಯದಕ್ಕೆ ಕಾಲು ನೀಲಿ ಮೆತ್ತೆಗೆ ತಾಗಿ.
ಶೈಮಾ ಹತ್ತೂ ಮುಗಿಸಿ ಇಳಿದು ಬಂದು
ಅರ್ಧ ಬಿಸ್ಕತ್ತು ಕೊಟ್ಟು, "ಆರು ಒಳ್ಳೆಯದೇ" ಅಂದಳು,
ತಾನೇ ನಂಬದೆ.

ಈಗಲೂ ಗುಂಡಿಗಿಳಿಯುತ್ತೇನೆ. ಟಾರ್ಚು, ಬಟ್ಟೆ, ಗ್ರೀಸು.
ಮೊನ್ನೆ ಹೂರಾದಲ್ಲಿ ಸಹಾಯಕ ಹುಡುಗ ಮೇಲಿಂದ ಇಣುಕಿದಾಗ
ಸ್ಪ್ರಿಂಗಿನ ಮೇಲೆ ಅಂಗೈಯೂರಿ ಒತ್ತುತ್ತಿದ್ದೆ.
ಏನಣ್ಣ, ಸಡಿಲಾಗಿದೆಯಾ?
ಇಲ್ಲ, ಗಟ್ಟಿಯಾಗೇ ಇದೆ ಅಂದೆ.
ಪಾಪ, ಯಾರೂ ಒಮ್ಮೆಯೂ ಬಿದ್ದಿಲ್ಲ ಇದರ ಮೇಲೆ.