ಎಡಗಾಲಿನ ಮಂದ್ರ

ಕುಲ್ದೀಗದ ಆಸ್ಪತ್ರೆ, ಶುಕ್ರವಾರ, ಕೊನೆಯ ಚೀಟಿ:
ಸ್ಕೈದ್ರಿತೆ, ಎಪ್ಪತ್ತೊಂದು, ಚರ್ಚಿನ ಆರ್ಗನ್ ವಾದಕಿ.
ಮಂಜಿನ ಮೇಲೆ ಜಾರಿ ಹರಡು ಮುರಿದು
ಆರು ವಾರ ಪ್ಲಾಸ್ಟರಿನೊಳಗೆ ಕೂತ ಕಾಲು
ಬಿಚ್ಚಿದ ಮೇಲೆ ಇಳಿಯುವ ಬದಲು ಊದಿದೆ.
ಮೀನಖಂಡ ಬಿಗಿದು ಬಿಸಿ, ಬೂಟು ಏರದು.
ಉಳುಕೆಂದು ಎಲೆಕೋಸಿನ ಎಲೆ ಕಟ್ಟಿಕೊಂಡಿದ್ದಳಂತೆ,
ನಾಲ್ಕು ದಿನ.

ಜೆಲ್ ತಣ್ಣಗಿರುತ್ತೆ ಎಂದು ಮೊದಲೇ ಹೇಳಿ
ತೊಡೆಸಂದಿಯಿಂದ ಕೆಳಕ್ಕೆ ಒತ್ತುತ್ತ ಬಂದೆ.
ನನ್ನ ಕೆಲಸ ಇಷ್ಟೇ. ಒತ್ತುವುದು, ನೋಡುವುದು.
ಒತ್ತಿದರೆ ರಕ್ತನಾಳ ತುಟಿಯಂತೆ ಮುಚ್ಚಬೇಕು,
ಬಿಟ್ಟರೆ ತೆರೆಯಬೇಕು.
ಮುಚ್ಚಿತು. ತೆರೆಯಿತು. ಮುಚ್ಚಿತು.
ಮಂಡಿಯ ಹಿಂದೆ ಮುಚ್ಚಲಿಲ್ಲ.

ಪರದೆಯಲ್ಲೊಂದು ಬೂದು ದುಂಡು
ಕದಲದೆ ನನ್ನನ್ನೇ ನೋಡಿತು.

"ಸದ್ದು ಕೇಳಿಸು" ಅಂದಳು.
ಬಲಗಾಲಿನಲ್ಲಿ ಉಸಿರಿನ ಜೊತೆ ಏರಿ ಇಳಿಯುವ ಗಾಳಿ.
ಎಡಗಾಲಿನಲ್ಲಿ ಯಂತ್ರದ ಗೊರಗೊರ, ಬೇರೇನಿಲ್ಲ.
ತಲೆಯಾಡಿಸಿದಳು:
"ಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿದೆ.
ಒಂದು ಬೇಸಿಗೆ ಹೀಗೇ, ಮಂದ್ರದ ಒಂದು ಸ್ವರ
ಹೇಳದೆ ಕೇಳದೆ ಹೋಗಿತ್ತು."

ಡಾಕ್ಟರ್ ಇಲ್ಗ್ವರ್ಸ್ ಕುರ್ಚಿ ಎಳೆದು ಕೂತ:
ಈ ಗುಳಿಗೆ ಹೆಪ್ಪನ್ನು ಕರಗಿಸುವುದಿಲ್ಲ,
ಬೆಳೆಯಬೇಡ ಅನ್ನುತ್ತದೆ, ಅಷ್ಟೇ.
ಕರಗಿಸುವುದು ನಿಮ್ಮ ಮೈ, ತನಗೆ ಬೇಕಾದ ವೇಗದಲ್ಲಿ.
ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ತಿಂಗಳು,
ಊತ ಇಳಿಯಿತೆಂದು ನಡುವೆ ಬಿಡಬೇಡಿ.
ನಡೆಯಿರಿ. ನೀರು ಕುಡಿಯಿರಿ.
ಎಲ್ಲಾದರೂ ರಕ್ತ ಸುರಿದು ನಿಲ್ಲದಿದ್ದರೆ ತಡಮಾಡಬೇಡಿ.
ಉಸಿರು ಸಿಕ್ಕಿಕೊಂಡರೆ, ಎದೆಯಲ್ಲಿ ಚುಚ್ಚಿದರೆ,
ನೀವು ಬರಬೇಡಿ, ಫೋನ್ ಮಾಡಿ. ನಾವು ಬರುತ್ತೇವೆ.

ಯಾಕೆ ಎಂದು ಅವಳು ಕೇಳಲಿಲ್ಲ.
ಕಿಟಕಿಯಾಚೆ ವೆಂತಾ ಹೊಳೆ ಬಿರುಕು ಬಿಡುತ್ತಿತ್ತು.
"ನಿಂತ ಮಂಜಿಗೆ ಸೇತುವೆ ಹೆದರುವುದಿಲ್ಲ," ಅಂದಳು,
"ಹೊರಟದ್ದಕ್ಕೆ."
ಆಮೇಲೆ ಕಾಲುಚೀಲ ಹುಡುಕತೊಡಗಿದಳು.

ಜೂನ್. ರೀಗಾದ ಬಸ್ಸು, ಎರಡೂವರೆ ತಾಸು.
ನನ್ನ ಮುಂದಿನ ಸೀಟಿನ ಕೆಳಗೆ
ಟಕ್ ಟಕ್, ಟಕ್ ಟಕ್.
ಕನ್ನಡಿಯಲ್ಲಿ ಚಾಲಕನ ಹುಬ್ಬು ಏರಿತು:
"ಅಜ್ಜಿ, ಸುಮ್ಮನೆ ಕೂರಬಾರದೇ?"
"ಕೂತೇ ಇದ್ದೇನಪ್ಪ.
ಸುಮ್ಮನೆ ಕೂತೇ ಕೆಟ್ಟಿದ್ದು."

ಹಿಮ್ಮಡಿ ಎದ್ದಾಗ ಮೀನಖಂಡ ಹಿಂಡುತ್ತದೆ,
ರಕ್ತ ಒಂದು ಮೆಟ್ಟಿಲು ಮೇಲೇರುತ್ತದೆ,
ಬೀಳದಂತೆ ಹಿಂದೆಯೇ ಕವಾಟ ಮುಚ್ಚುತ್ತದೆ.
ಇಪ್ಪತ್ತು ವರ್ಷ ಪರದೆಯಲ್ಲಿ ಕಂಡದ್ದು
ಈಗ ರಬ್ಬರಿನ ನೆಲದ ಮೇಲೆ ಕೇಳುತ್ತಿತ್ತು.

ಯಾವ ಕೃತಿಯೋ ತಿಳಿಯಲಿಲ್ಲ.
ಸಾಬಿಲೆ ದಾಟುವ ಹೊತ್ತಿಗೆ
ನನ್ನ ಹಿಮ್ಮಡಿಯೂ ಎದ್ದಿತ್ತು.