ತೂಕದ ಹೊತ್ತು

ಸಂಜೆ ನಾಲ್ಕೂವರೆ. ಹಲಸಿನ ಕೊಂಬೆಗೆ ತಕ್ಕಡಿ,
ಗಡಿಯಾರದಂಥ ಮುಖ, ಕೆಳಗೊಂದು ಕೊಕ್ಕೆ.
ನಾನು ರೈಟರ್. ಪೆನ್ಸಿಲು ಕಿವಿಯ ಮೇಲೆ,
ಪುಸ್ತಕ ಮೊಣಕಾಲ ಮೇಲೆ.
ಹೆಸರು ಕೂಗುತ್ತೇನೆ, ಚೀಲ ಬರುತ್ತದೆ,
ಕೊಕ್ಕೆಗೆ ಸಿಕ್ಕಿ ಒಮ್ಮೆ ನರಳಿ ನಿಲ್ಲುತ್ತದೆ.

ಪಂಜರಿ ಎರವರ ಬೊಳ್ಳಿ: ಎರಡು ಚೀಲ.
ಎರಡನೆಯದು ಚಿಕ್ಕದು.
ಅದು ಯಾರದೆಂದು ನಾನು ಕೇಳುವುದಿಲ್ಲ,
ಪುಸ್ತಕದಲ್ಲಿ ಅದಕ್ಕೆ ಗೆರೆ ಹೊಡೆದಿಲ್ಲ.
ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ
ಎಂದು ಗೇಟಿನಲ್ಲಿ ಬೋರ್ಡಿದೆ. ನಾನೇ ಬರೆಸಿದ್ದು.

ಜನವರಿಯಲ್ಲಿ ದೇಚಮ್ಮ ಟೀಚರ್ ಬಂದಿದ್ದರು,
ಮಾಲ್ದಾರೆಯಿಂದ ಸ್ಕೂಟರಿನಲ್ಲಿ, ಹಾಜರಿ ಪುಸ್ತಕದ ಸಮೇತ.
"ಸುಚಿತ್ರಾ ಎಲ್ಲಿ? ಒಂದು ತಿಂಗಳಿಂದ ಬರೀ ಗೈರು."
ಲೈನಿನಲ್ಲಿ ಆ ಹೆಸರಿನವರು ಯಾರೂ ಇಲ್ಲ, ಎಂದೆ.
ಸುಳ್ಳಲ್ಲ. ಚಿಣ್ಣೆ ಎಂದಿದ್ದರೆ
ತಿಳಿಯುತ್ತಿತ್ತೇನೋ.

ಬೊಳ್ಳಿಯೇ ಮುಂದೆ ಬಂದು ಹೇಳಿದಳು:
"ದಾರೀಲಿ ಆನೆ ಉಂಟು ಟೀಚರೇ.
ಹೆಣ್ಣು ಮಗು, ಹೆಂಗೆ ಕಳಿಸಲಿ?"
ಆನೆ ಇದ್ದದ್ದು ನಿಜ.
ಕಾಫಿ ಬೀಜ ತುಂಬಿದ ಲದ್ದಿ ನಾನೂ ಕಂಡಿದ್ದೇನೆ.
ಅಣ್ಣ ಆಶ್ರಮ ಶಾಲೆಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ,
ತಲೆಗೆ ಎಣ್ಣೆ, ಕಾಲಿಗೆ ಬೂಟು.
ಇವಳು ಅದೇ ಆನೆಯ ದಾರಿಯಲ್ಲಿ
ದಿನಾ ಏಳೂವರೆಗೆ ತೋಟಕ್ಕೆ ಇಳಿಯುತ್ತಾಳೆ,
ಸೊಂಟದಲ್ಲಿ ಎಂಟು ತಿಂಗಳ ತಂಗಿ.

ಎರಡು ಸಿಲ್ವರ್ ಮರಗಳ ನಡುವೆ ಸೀರೆಯ ತೊಟ್ಟಿಲು,
ತೊಟ್ಟಿಲ ಹಗ್ಗ ಅವಳ ಹೆಬ್ಬೆರಳಿಗೆ.
ಕುಕ್ಕರಗಾಲಲ್ಲಿ ಉದುರು ಹಣ್ಣು ಆಯುತ್ತ
ಕಾಲಲ್ಲೇ ತೂಗುತ್ತಾಳೆ.
ಕುತ್ತಿಗೆಗೆ ಚಗಳಿ ಕಚ್ಚಿದರೂ ಕೈ ನಿಲ್ಲುವುದಿಲ್ಲ.

ಮೊನ್ನೆ ಆ ಚಿಕ್ಕ ಚೀಲಕ್ಕೆ
ಮುಳ್ಳು ಮೂವತ್ತೊಂದೂವರೆಗೆ ನಿಂತಿತು.
ಎಲೆ, ಕಡ್ಡಿ, ಗೋಣಿಯ ತೂಕ ಕಳೆಯುವುದು ವಾಡಿಕೆ.
"ಇಪ್ಪತ್ತೊಂಬತ್ತು," ಕೂಗಿದೆ.
"ಮೂವತ್ತೊಂದೂವರೆ."

ತಂಗಿಯನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸುತ್ತ
ಮುಳ್ಳನ್ನೇ ನೋಡುತ್ತಿದ್ದಳು,
ಕರಿಹಲಗೆ ನೋಡುವ ಹಾಗೆ.
"ಎರಡೂವರೆ ಕಮ್ಮಿ. ಕಿಲೋಗೆ ಐದು,
ವಾರಕ್ಕೆ ಆರು ದಿನ..."
ತುಟಿ ಅಲ್ಲಾಡಿತು. "ಎಪ್ಪತ್ತೈದು."

ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.
ಬೊಳ್ಳಿ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು,
ಆ ಕೈಯ ತುಂಬ ಕಾಫಿಯ ಕರಿ ಅಂಟು.

ಐದನೇ ಕ್ಲಾಸು, ಡಿಸೆಂಬರ್‌ವರೆಗೆ: ಅಷ್ಟಕ್ಕೇ ಇಷ್ಟು.
ಜನವರಿಯಲ್ಲಿ ಶೇಕಡಾ ಕಲಿಸುತ್ತಾರಂತೆ.
ಬಡ್ಡಿ ಲೆಕ್ಕ ಇನ್ನೂ ಮೇಲಿನ ಕ್ಲಾಸಿನದು.
ಬೊಳ್ಳಿಯ ಗಂಡನ ಮುಂಗಡದ ಪುಸ್ತಕವೂ
ನನ್ನ ಕಪಾಟಿನಲ್ಲೇ ಇದೆ.

ಮೂವತ್ತೊಂದೂವರೆ ಎಂದೇ ಬರೆದೆ ಅಂದು,
ಬೊಳ್ಳಿಯ ಹೆಸರಿನಲ್ಲಿ.

ಮರುದಿನ ಅವಳೊಬ್ಬಳೇ ಬಂದಳು ತೂಕಕ್ಕೆ.
"ಮಗಳ ಲೈನಲ್ಲೇ ಕೂರಿಸಿ ಬಂದೆ.
ಮಾತು ಹೆಚ್ಚಾಯ್ತು ಅವಳಿಗೆ, ಮನಸ್ಸಿಗೆ ಹಚ್ಕೋಬೇಡಿ."
ಚೀಲ ಮಾತ್ರ ಎರಡೇ ಇದ್ದವು.

ಈಗ ಹೂಮಳೆಯ ಮೋಡ ಕಟ್ಟುತ್ತಿದೆ,
ಶಾಲೆಯಲ್ಲಿ ಪರೀಕ್ಷೆಯಂತೆ.
ಚಿಕ್ಕ ಚೀಲ ಕೊಕ್ಕೆಗೆ ಸಿಕ್ಕಿತು. ಮುಳ್ಳು ಮೂವತ್ತು.
"ಇಪ್ಪತ್ತೆಂಟು," ಎಂದು ಕೂಗಿ
ಸ್ವಲ್ಪ ಹೊತ್ತು ಕಾದೆ.